ಸವಾಲು ಕೂಗಿದವರು ಕಾಸು ಕೊಡದಿದ್ದರೆ?

ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹಬ್ಬ, ಜಾತ್ರೆ ಮುಗಿದ ಮೇಲೆ ದೇವರಿಗೆ ಬಂದ ಪದಾರ್ಥಗಳನ್ನು ಸವಾಲು ಹಾಕುವ ಪದ್ಧತಿ ಇಂದಿಗೂ ಉಳಿದಿದೆ. ಒಂದು ಬಾಳೆಗೊನೆ, ಒಂದು ಹೂವಿನ ಹಾರ, ಕೆಲವೊಮ್ಮೆ ಬರೀ ಒಂದು ನಿಂಬೆಹಣ್ಣು. ಕೂಗುವವರು 'ಒಂದು ಸಾರಿ, ಎರಡು ಸಾರಿ' ಎಂದು ರಾಗ ಎಳೆಯುತ್ತಾರೆ. ಮೂರನೆಯ ಸಾರಿ ಎನ್ನುವಷ್ಟರಲ್ಲಿ ನಿಂಬೆಹಣ್ಣಿನ ಬೆಲೆ ಪೇಟೆಯ ದರವನ್ನು ಎಲ್ಲೋ ಹಿಂದೆ ಬಿಟ್ಟು ಬಂದಿರುತ್ತದೆ. ಹೀಗೆ ಕೂಗಿದವರು ಹಣ ಕೊಡದೆ ಜಾರಿಕೊಂಡದ್ದು ಬಹಳ ಅಪರೂಪ. ಅದಕ್ಕೆ ಕಾರಣ ಕಾನೂನಿನ ಭಯವಲ್ಲ. ಊರಿಗೆ ಊರೇ ಎದುರು ನಿಂತಿದೆ, ಕೂಗಿದವನ ಮನೆ ಯಾವುದು, ಅವನ ಅಪ್ಪ ಯಾರು ಎಂಬುದು ಎಲ್ಲರಿಗೂ ಗೊತ್ತಿದೆ. ಮರುದಿನ ಬೆಳಿಗ್ಗೆ ಅದೇ ಅರಳಿಕಟ್ಟೆಯ ಮುಂದೆ ಹಾದುಹೋಗಬೇಕು.

ಅದೇ ಸವಾಲು ಅಂತರ್ಜಾಲಕ್ಕೆ ಬಂದಾಗ ಅರಳಿಕಟ್ಟೆ ಮಾಯವಾಯಿತು. ಈಗ ಸರಸ್ವತಿಪುರಂನ ಒಂದು ಮನೆಯಲ್ಲಿ ಕುಳಿತು ಹಳೆಯ ಕ್ಯಾಮೆರಾ, ಅಂಚೆಚೀಟಿಯ ಸಂಗ್ರಹ ಅಥವಾ ತಾತನ ಕಾಲದ ಫೌಂಟನ್ ಪೆನ್ ಹರಾಜಿಗಿಟ್ಟರೆ ಅದನ್ನು ಕೂಗುವವರು ಗುವಾಹಟಿಯಲ್ಲಿರಬಹುದು, ಗುಂಡ್ಲುಪೇಟೆಯಲ್ಲಿರಬಹುದು. ಹೆಸರಿನ ಜಾಗದಲ್ಲಿ ನಾಲ್ಕು ಅಕ್ಷರ, ಮೂರು ಅಂಕಿ. ಗಡುವು ಮುಗಿದು 'ನೀವು ಗೆದ್ದಿದ್ದೀರಿ' ಎಂಬ ಸಂದೇಶ ಹೋದ ಮೇಲೆ ಆ ಕಡೆಯಿಂದ ಸದ್ದೇ ಇಲ್ಲ. ಮಾರಲು ಹೊರಟವರು ಎರಡು ದಿನ ಕಾಯುತ್ತಾರೆ, ನಾಲ್ಕು ಸಂದೇಶ ಕಳಿಸುತ್ತಾರೆ, ಆಮೇಲೆ 'ಹಾಳಾಗಿ ಹೋಗಲಿ' ಎಂದು ಸುಮ್ಮನಾಗುತ್ತಾರೆ.

ಸುಮ್ಮನಾಗುವುದು ಕೆಲವೊಮ್ಮೆ ಜಾಣತನವೇ ಹೌದು. ಆದರೆ ಕಾನೂನು ಏನನ್ನೂ ಹೇಳುವುದಿಲ್ಲ ಎಂದುಕೊಂಡು ಸುಮ್ಮನಾಗುವುದು ತಪ್ಪು ತಿಳಿವಳಿಕೆ. ಕಾಲೇಜು ಹುಡುಗರು ಓದಿ ಮುಗಿಸಿದ ಪುಸ್ತಕ, ಗಿಟಾರು, ಲ್ಯಾಪ್‌ಟಾಪುಗಳನ್ನು ಹೀಗೆ ಮಾರುವುದು ಸಾಮಾನ್ಯವಾಗಿರುವಾಗ ಈ ವಿಷಯ ಮನೆಮಂದಿಗೂ ತಿಳಿದಿರುವುದು ಒಳ್ಳೆಯದು.

ಸುತ್ತಿಗೆ ಬಿದ್ದ ಕ್ಷಣ

ಹರಾಜಿನ ಕಾನೂನು ನಮ್ಮಲ್ಲಿ ಹೊಸದೇನಲ್ಲ. 1930ರ ಸರಕು ಮಾರಾಟ ಕಾಯ್ದೆಯ 64ನೆಯ ಕಲಮು ಪೂರ್ತಿಯಾಗಿ ಹರಾಜಿಗೇ ಮೀಸಲು. ಹರಾಜುದಾರ ಸುತ್ತಿಗೆ ಬಡಿದಾಗ, ಅಥವಾ ರೂಢಿಯಲ್ಲಿರುವ ಬೇರೆ ಯಾವುದೇ ರೀತಿಯಲ್ಲಿ ಮುಗಿಯಿತೆಂದು ಸಾರಿದಾಗ ಮಾರಾಟ ಪೂರ್ಣವಾಗುತ್ತದೆ. ಅಲ್ಲಿಯವರೆಗೆ ಕೂಗಿದವರು ತಮ್ಮ ಕೂಗನ್ನು ಹಿಂದಕ್ಕೆ ಪಡೆಯಬಹುದು. ಈ ನಿಯಮದ ಬೇರು 1789ರ 'ಪೇಯ್ನ್ ವಿರುದ್ಧ ಕೇವ್' ಎಂಬ ಇಂಗ್ಲಿಷ್ ಮೊಕದ್ದಮೆಯಲ್ಲಿದೆ. ಬಟ್ಟಿ ಇಳಿಸುವ ಸಲಕರಣೆಯೊಂದಕ್ಕೆ 40 ಪೌಂಡು ಕೂಗಿದಾತ ಸುತ್ತಿಗೆ ಬೀಳುವ ಮೊದಲೇ ಬೇಡವೆಂದ. ಕೂಗು ಎಂಬುದು ಬರೀ ಒಂದು ಪ್ರಸ್ತಾಪ, ಒಪ್ಪುವ ಮೊದಲು ಅದನ್ನು ಹಿಂತೆಗೆದುಕೊಳ್ಳಲು ಅಡ್ಡಿಯಿಲ್ಲ ಎಂದು ನ್ಯಾಯಾಲಯ ಹೇಳಿತು. ಮೈಸೂರಿನ ಕಾನೂನು ಕಾಲೇಜುಗಳ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಈ ಪ್ರಕರಣ ಪರಿಚಿತವಿರಲೇಬೇಕು.

ಕಂಪ್ಯೂಟರಿನ ಪರದೆಯ ಮೇಲೆ ಸುತ್ತಿಗೆ ಎಲ್ಲಿ ಬಂತು? ಗಡಿಯಾರವೇ ಸುತ್ತಿಗೆ. ಜಾಲತಾಣದ ಷರತ್ತುಗಳಲ್ಲಿ 'ಗಡುವು ಮುಗಿದಾಗ ಅತಿ ಹೆಚ್ಚು ಬೆಲೆ ಕೂಗಿದವರಿಗೆ ಮಾರಾಟ' ಎಂದಿದ್ದರೆ ಅದೇ 'ರೂಢಿಯ ರೀತಿ' ಎಂದು ವಾದಿಸಲು ಆಧಾರವಿದೆ. ಒಪ್ಪಂದವು ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಅದು ಅಸಿಂಧುವಲ್ಲ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು ಸ್ಪಷ್ಟವಾಗಿ ಹೇಳುತ್ತದೆ. 2000ದ ಈ ಕಾಯ್ದೆಗೆ 2008ರ ತಿದ್ದುಪಡಿಯಲ್ಲಿ ಸೇರಿಸಿದ ಮಾತು ಇದು. ಆಸ್ಟ್ರೇಲಿಯಾದಲ್ಲಿ 2007ರಲ್ಲಿ ಇಂಥದೇ ಒಂದು ತೀರ್ಪು ಬಂದಿತು. ಇ-ಬೇ ಹರಾಜಿನಲ್ಲಿ 1,50,000 ಡಾಲರಿಗೆ ಹೋದ ಹಳೆಯ ಯುದ್ಧಕಾಲದ ವಿಮಾನವೊಂದನ್ನು ಕೊಡಲು ಮಾಲೀಕ ಒಪ್ಪಲಿಲ್ಲ. ನ್ಯೂ ಸೌತ್ ವೇಲ್ಸ್‌ನ ನ್ಯಾಯಾಲಯ ಇದು ಪಕ್ಕಾ ಒಪ್ಪಂದ, ವಿಮಾನ ಕೊಡಲೇಬೇಕು ಎಂದಿತು. ಅಲ್ಲಿ ತಪ್ಪಿದವನು ಮಾರುವವನು. ಆದರೆ ಮಾರುವವನನ್ನು ಕಟ್ಟಿಹಾಕುವ ಒಪ್ಪಂದ ಕೊಳ್ಳುವವನನ್ನೂ ಕಟ್ಟಿಹಾಕುತ್ತದಲ್ಲವೆ?

ಇಲ್ಲಿ ಒಂದು ಎಚ್ಚರಿಕೆ. ಕೆಲವು ತಾಣಗಳು 'ಇಲ್ಲಿನ ಕೂಗು ಆಸಕ್ತಿಯ ಸೂಚನೆ ಮಾತ್ರ' ಎಂದು ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತವೆ. ವಾಟ್ಸಾಪ್ ಗುಂಪುಗಳಲ್ಲಿ ನಡೆಯುವ ಹರಾಜಿಗಂತೂ ಗುಂಪಿನ ನಿರ್ವಾಹಕರು ಬರೆದ ನಾಲ್ಕು ಸಾಲೇ ಶಾಸನ. ಸರಕು ಇಡುವ ಮೊದಲು ಅದನ್ನು ಓದದವರು ಆಮೇಲೆ ವಕೀಲರ ಮುಂದೆ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಮಂಡಿಯವರಿಗೆ ಗೊತ್ತಿದ್ದ ಗುಟ್ಟು

ಕೂಗಿದವರು ಕೈಕೊಟ್ಟರೆ ಏನು ಮಾಡಬೇಕೆಂಬ ಪ್ರಶ್ನೆಗೆ ವ್ಯಾಪಾರಿ ಪ್ರಪಂಚ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದೆ. ಕೂಗುವ ಮೊದಲೇ ಕೂಗುವವರನ್ನು ಹಿಡಿದಿಟ್ಟುಕೊಳ್ಳುವುದೇ ಆ ಉತ್ತರ. ನಂಜನಗೂಡು ರಸ್ತೆಯ ಬಂಡೀಪಾಳ್ಯದ ಎ.ಪಿ.ಎಂ.ಸಿ. ಪ್ರಾಂಗಣವನ್ನೇ ನೋಡಬಹುದು. ಅಲ್ಲಿ ರೈತರ ಉತ್ಪನ್ನಕ್ಕೆ ಬೆಲೆ ಹಾಕಬೇಕಾದರೆ ಪರವಾನಗಿ ಬೇಕು. ದಾರಿಹೋಕರು ಬಂದು ಕೂಗಿ ಹೋಗುವಂತಿಲ್ಲ. 2014ರಲ್ಲಿ ಕರ್ನಾಟಕ ಸರ್ಕಾರ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆಯ ಮೂಲಕ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿ ಮಾರುಕಟ್ಟೆಗಳ ಟೆಂಡರನ್ನು ಕಂಪ್ಯೂಟರಿಗೆ ತಂದಾಗಲೂ ಈ ಪರವಾನಗಿಯ ಕಟ್ಟು ಸಡಿಲವಾಗಲಿಲ್ಲ. 2016ರ ಏಪ್ರಿಲ್ 14ರಂದು ಆರಂಭವಾದ ಕೇಂದ್ರದ ಇ-ನಾಮ್ ವ್ಯವಸ್ಥೆ ಈ ಹೆಜ್ಜೆಯ ಹಿಂದೆಯೇ ಬಂದದ್ದು.

ಹುಣಸೂರು, ಪಿರಿಯಾಪಟ್ಟಣದ ಕಡೆಯ ತಂಬಾಕು ಹರಾಜು ಕಟ್ಟೆಗಳಲ್ಲಿಯೂ ಹಾಗೆಯೇ. ತಂಬಾಕು ಮಂಡಳಿಯಲ್ಲಿ ನೋಂದಾಯಿಸಿದ ವ್ಯಾಪಾರಿಗಳಿಗೆ ಮಾತ್ರ ಅಲ್ಲಿ ಪ್ರವೇಶ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಇ-ಹರಾಜಿನಲ್ಲಿ ಬೆಲೆ ಹಾಕುವ ರೀಲರುಗಳೂ ಪರವಾನಗಿದಾರರೇ. ಮೂರೂ ಕಡೆ ವ್ಯಾಪಾರಿಗೆ ನಾಳೆ ಮತ್ತೆ ಅದೇ ಮಾರುಕಟ್ಟೆಗೆ ಬರಬೇಕಾದ ಅನಿವಾರ್ಯವಿದೆ. ಹಳ್ಳಿಯ ಅರಳಿಕಟ್ಟೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಪರವಾನಗಿ ಮಾಡುತ್ತದೆ.

ಜಮೀನು, ಮನೆಗಳ ಹರಾಜಿನಲ್ಲಿ ಕಟ್ಟು ಇನ್ನೂ ಬಿಗಿ. ನ್ಯಾಯಾಲಯದ ಡಿಕ್ರಿಯಂತೆ ಸ್ಥಿರಾಸ್ತಿ ಹರಾಜಾದರೆ ಗೆದ್ದವರು ಆ ಕೂಡಲೇ ಶೇಕಡ 25ರಷ್ಟು ಕಟ್ಟಬೇಕು, ಉಳಿದದ್ದನ್ನು 15 ದಿನಗಳೊಳಗೆ ತುಂಬಬೇಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೆಯ ಆದೇಶ ವಿಧಿಸುತ್ತದೆ. ತಪ್ಪಿದರೆ ಮರುಹರಾಜು. ಅದರಲ್ಲಿ ಬೆಲೆ ಕಡಿಮೆ ಬಂದರೆ ಆ ಕೊರತೆಯನ್ನೂ ಮೊದಲು ತಪ್ಪಿದವರೇ ತುಂಬಬೇಕು. ಬ್ಯಾಂಕುಗಳು ಸಾಲದ ಬಾಕಿಗಾಗಿ ನಡೆಸುವ ಹರಾಜಿನಲ್ಲಿಯೂ ಕಾಲುಭಾಗ ಮೊದಲೇ ಕಟ್ಟಬೇಕು. ಗಡುವಿನೊಳಗೆ ಬಾಕಿ ಕಟ್ಟದವರ ಆ ಹಣವನ್ನು ಬ್ಯಾಂಕು ಪೂರ್ತಿ ಮುಟ್ಟುಗೋಲು ಹಾಕಿಕೊಳ್ಳಬಹುದು, 'ನಿಮಗೆ ನಿಜವಾಗಿ ಆದ ನಷ್ಟವೆಷ್ಟು' ಎಂಬ ಲೆಕ್ಕ ಅಲ್ಲಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2024ರ ಫೆಬ್ರವರಿಯಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ನಿವೇಶನದ ಆಸೆಯಿಂದ ಇ-ಹರಾಜಿಗೆ ಇಳಿಯುವ ಮೈಸೂರಿನ ಮಧ್ಯಮವರ್ಗದವರು ಬ್ಯಾಂಕಿನಿಂದ ಸಾಲ ಸಿಗುವ ಖಾತ್ರಿ ಇಲ್ಲದೆ ಗುಂಡಿ ಒತ್ತಬಾರದು ಎನ್ನುವುದು ಇದಕ್ಕೇ.

ಠೇವಣಿಯ ಬಿಗಿ ಸಾಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಿಮಾಚಲ ಪ್ರದೇಶದ ಪ್ರಸಂಗವಿದೆ. 2023ರ ಫೆಬ್ರವರಿಯಲ್ಲಿ ಸ್ಕೂಟರಿಗೆ ಹಾಕುವ ಒಂದು ಮೆಚ್ಚಿನ ನಂಬರಿಗೆ ಅಲ್ಲಿನ ಸಾರಿಗೆ ಇಲಾಖೆ ಇ-ಹರಾಜು ನಡೆಸಿತು. ಸಾವಿರ ರೂಪಾಯಿಯಿಂದ ಆರಂಭವಾದ ಬೆಲೆ 1 ಕೋಟಿ 12 ಲಕ್ಷ ದಾಟಿತು. ದೇಶದ ಪತ್ರಿಕೆಗಳೆಲ್ಲ ಬರೆದವು. ಗೆದ್ದವರು ಮಾತ್ರ ಹಣ ಕಟ್ಟಲು ಬರಲಿಲ್ಲ.

ಇ-ಬೇ ಕಲಿತ ಪಾಠ

ಸಾಮಾನ್ಯ ಜನ ಸಾಮಾನ್ಯ ಜನರಿಗೆ ಮಾರುವ ಅಂತರ್ಜಾಲ ಹರಾಜಿನ ಕಥೆಯೇ ಬೇರೆ. 1995ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಪಿಯರ್ ಒಮಿಡ್ಯಾರ್ ಶುರುಮಾಡಿದ ತಾಣವೇ ಮುಂದೆ ಇ-ಬೇ ಆಯಿತು. ಅಲ್ಲಿ ಮೊದಲು ಹೋದ ಸರಕು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್. ಅದಕ್ಕೂ 14 ಡಾಲರ್ 83 ಸೆಂಟು ಬಂತು! ಪರವಾನಗಿಯಿಲ್ಲ, ಠೇವಣಿಯಿಲ್ಲ. ಅದರ ಬದಲಿಗೆ ಕೊಂಡವರು ಮಾರಿದವರ ಬಗ್ಗೆ, ಮಾರಿದವರು ಕೊಂಡವರ ಬಗ್ಗೆ ಅಭಿಪ್ರಾಯ ಬರೆಯುವ ಏರ್ಪಾಟು ಬಂದಿತು. ಅರಳಿಕಟ್ಟೆಯನ್ನು ಕಂಪ್ಯೂಟರಿನಲ್ಲಿ ಕಟ್ಟುವ ಪ್ರಯತ್ನವೇ ಇದು. ಆದರೆ 2008ರಲ್ಲಿ ಇ-ಬೇ ಮಾರುವವರು ಕೊಳ್ಳುವವರ ಬಗ್ಗೆ ಕೆಟ್ಟ ಅಭಿಪ್ರಾಯ ಬರೆಯುವುದನ್ನು ನಿಲ್ಲಿಸಿಬಿಟ್ಟಿತು. ಸೇಡು ತೀರಿಸಿಕೊಳ್ಳಲು ಅದು ಬಳಕೆಯಾಗುತ್ತಿದೆ ಎಂಬುದು ಕಾರಣ. ಮಾರುವವರಿಗೆ ಉಳಿದದ್ದು ಹಣ ಬಾರದ ಸರಕಿನ ಬಗ್ಗೆ ತಾಣಕ್ಕೆ ದೂರು ಕೊಟ್ಟು ತಮ್ಮ ಶುಲ್ಕ ವಾಪಸು ಪಡೆಯುವ ದಾರಿ.

ನಮ್ಮಲ್ಲಿ 2000ದಲ್ಲಿ ಮುಂಬಯಿಯಿಂದ ಆರಂಭವಾದ ಬಾಜೀ ಡಾಟ್ ಕಾಮ್ ಈ ಪದ್ಧತಿಯನ್ನು ತಂದಿತು. 2004ರಲ್ಲಿ ಇ-ಬೇ ಅದನ್ನು ಕೊಂಡುಕೊಂಡಿತು. ಇ-ಬೇ ಇಂಡಿಯಾದಲ್ಲಿದ್ದ ಪೈಸಾಪೇ ಎಂಬ ಏರ್ಪಾಟಿನಲ್ಲಿ ಕೊಂಡವರ ಹಣ ಮೊದಲು ಮಧ್ಯವರ್ತಿಯ ಕೈಗೆ ಬರುತ್ತಿತ್ತು, ಸರಕು ತಲುಪಿದ ಮೇಲೆ ಮಾರಿದವರಿಗೆ ಹೋಗುತ್ತಿತ್ತು. ಹಣ ಬರುವ ಮೊದಲು ಸರಕು ಕೈಬಿಡಬೇಡ ಎಂಬ ಹಳೆಯ ವ್ಯಾಪಾರಿ ಸೂತ್ರವೇ ಅದರಲ್ಲಿದ್ದದ್ದು. ಇ-ಬೇ ಇಂಡಿಯಾ 2017ರಲ್ಲಿ ಫ್ಲಿಪ್‌ಕಾರ್ಟ್ ತೆಕ್ಕೆಗೆ ಸೇರಿತು, 2018ರ ಆಗಸ್ಟಿನಲ್ಲಿ ಬಾಗಿಲು ಹಾಕಿತು. ಆಮೇಲೆ ಸಣ್ಣ ಸಂಗ್ರಾಹಕರ ಬಹುಪಾಲು ವ್ಯವಹಾರ ಫೇಸ್‌ಬುಕ್, ವಾಟ್ಸಾಪ್ ಗುಂಪುಗಳಿಗೆ ಹಂಚಿಹೋಯಿತು. ಅಲ್ಲಿ ಮಧ್ಯವರ್ತಿಯೇ ಇಲ್ಲ.

ಲೆಕ್ಕ ಹೇಗೆ?

ಒಂದು ಉದಾಹರಣೆ ಇಟ್ಟುಕೊಳ್ಳುವುದು ಸುಲಭ. ಮೈಸೂರಿನ ಒಬ್ಬ ವಿದ್ಯಾರ್ಥಿನಿ ತನ್ನ ಕ್ಯಾಮೆರಾವನ್ನು ಹರಾಜಿಗಿಡುತ್ತಾಳೆ. 18,000 ರೂಪಾಯಿಗೆ ಕೂಗು ನಿಲ್ಲುತ್ತದೆ. ಗೆದ್ದಾತ ಹಣ ಕಳಿಸುವುದಿಲ್ಲ. ಕ್ಯಾಮೆರಾ ಇನ್ನೂ ಅವಳ ಬಳಿಯೇ ಇದೆ.

ಇಂಥ ಮಾರಾಟಗಾರರನ್ನು ಸರಕು ಮಾರಾಟ ಕಾಯ್ದೆ 'ಹಣ ಸಂದಾಯವಾಗದ ಮಾರಾಟಗಾರ' ಎಂದು ಗುರುತಿಸಿ ಕೆಲವು ಹಕ್ಕುಗಳನ್ನು ಕೊಡುತ್ತದೆ. ಹಣ ಬರುವವರೆಗೆ ವಸ್ತುವನ್ನು ಕೊಡದೆ ಇಟ್ಟುಕೊಳ್ಳಬಹುದು. ಕೊಂಡವನು ದಿವಾಳಿಯಾಗಿದ್ದರೆ ಕೊರಿಯರಿನಲ್ಲಿ ದಾರಿಯಲ್ಲಿರುವ ಸರಕನ್ನೂ ತಡೆಯಬಹುದು. ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು 54ನೆಯ ಕಲಮಿನ ಮರುಮಾರಾಟದ ಹಕ್ಕು.

ಮರುಮಾರಾಟಕ್ಕೆ ಮೊದಲು ಒಂದು ನೋಟಿಸು ಕೊಡಬೇಕು. 'ಇಂತಿಷ್ಟು ದಿನದೊಳಗೆ ಹಣ ಕಟ್ಟಿ ವಸ್ತು ಪಡೆಯದಿದ್ದರೆ ಬೇರೆಯವರಿಗೆ ಮಾರಿ, ಕಡಿಮೆಯಾದ ಬೆಲೆಯನ್ನು ನಿಮ್ಮಿಂದ ವಸೂಲು ಮಾಡುತ್ತೇನೆ' ಎಂದು ಬರೆದರೆ ಸಾಕು. ಗಡುವು ನ್ಯಾಯವಾದದ್ದಾಗಿರಬೇಕು, ಬೆಳಿಗ್ಗೆ ಬರೆದು ಸಂಜೆಗೆ ಕೇಳುವಂತಿಲ್ಲ. ಮಾವಿನಹಣ್ಣು, ಹೂವಿನಂತೆ ಕೆಡುವ ಪದಾರ್ಥಕ್ಕೆ ನೋಟಿಸಿನ ಅಗತ್ಯವಿಲ್ಲ. ಈಗ ಆ ವಿದ್ಯಾರ್ಥಿನಿ ನೋಟಿಸು ಕೊಟ್ಟು, ಕಾದು, ಕ್ಯಾಮೆರಾವನ್ನು ಮತ್ತೆ ಮಾರುತ್ತಾಳೆ. 13,500 ರೂಪಾಯಿ ಬರುತ್ತದೆ. 4,500 ರೂಪಾಯಿ ಕೊರತೆ, ಜೊತೆಗೆ ಮರುಮಾರಾಟಕ್ಕೆ ನ್ಯಾಯವಾಗಿ ತಗುಲಿದ ಖರ್ಚು. ಇಷ್ಟು ಅವಳು ಕೇಳಬಹುದಾದ ಮೊತ್ತ.

ನೋಟಿಸು ಕೊಡದೆ ಮಾರಿದರೆ? ಆಗ ಕೊರತೆಯನ್ನು ಕೇಳುವ ಹಕ್ಕು ಹೋಗುತ್ತದೆ. ಅಷ್ಟೇ ಅಲ್ಲ, ಎರಡನೆಯ ಸಲ 20,000 ಬಂದಿದ್ದರೆ ಆ ಹೆಚ್ಚುವರಿ ಲಾಭವೂ ಮೊದಲ ಕೊಳ್ಳುಗನಿಗೇ ಸಲ್ಲಬೇಕೆಂದು ಕಾಯ್ದೆ ಹೇಳುತ್ತದೆ. ನೋಟಿಸು ಕೊಟ್ಟಿದ್ದರೆ ಲಾಭ ಅವಳದೇ. ಒಂದು ಹಾಳೆಯ ಕಾಗದಕ್ಕೆ ಎಷ್ಟು ಬೆಲೆ ನೋಡಿ!

ಬಹಳ ಜನ ಕೇಳುವುದು 18,000 ಪೂರ್ತಿ ವಸೂಲು ಮಾಡಬಹುದೆ ಎಂದು. ವಸ್ತುವಿನ ಒಡೆತನ ಕೊಳ್ಳುವವರಿಗೆ ವರ್ಗಾವಣೆಯಾಗಿದ್ದರೆ 55ನೆಯ ಕಲಮಿನಂತೆ ಬೆಲೆಗಾಗಿಯೇ ದಾವೆ ಹೂಡಬಹುದು. ಆದರೆ ಹಣ ಬಂದ ಮೇಲೆಯೇ ಒಡೆತನ ವರ್ಗ ಎಂದು ಹರಾಜಿನ ಷರತ್ತಿನಲ್ಲಿದ್ದರೆ ಆ ದಾರಿ ಸಾಮಾನ್ಯವಾಗಿ ಮುಚ್ಚಿದಂತೆ. ಆಗ ಉಳಿಯುವುದು 56ನೆಯ ಕಲಮಿನ ನಷ್ಟಪರಿಹಾರ. ಪರಿಹಾರ ಎಷ್ಟೆಂದು ಅಳೆಯುವ ಕೋಲು 1872ರ ಕರಾರು ಕಾಯ್ದೆಯ 73ನೆಯ ಕಲಮು. ಅದು ಸಹಜವಾಗಿ ಆದ ನಷ್ಟವನ್ನು ಮಾತ್ರ ಕೊಡುತ್ತದೆ. ಮಾರುವವರು ನಷ್ಟ ತಗ್ಗಿಸಲು ತಮ್ಮ ಕೈಲಾದ ಪ್ರಯತ್ನ ಮಾಡಿದರೆ ಎಂದೂ ನೋಡುತ್ತದೆ. ವಸ್ತುವನ್ನು ಅಟ್ಟದ ಮೇಲಿಟ್ಟು, ಬೆಲೆ ಬಿದ್ದ ಮೇಲೆ ಪೂರ್ತಿ ಹಣ ಕೇಳಿದರೆ ನ್ಯಾಯಾಧೀಶರು ಒಪ್ಪುವ ಸಂಭವ ಕಡಿಮೆ.

ಎರಡನೆಯ ಸ್ಥಾನದಲ್ಲಿದ್ದವರನ್ನು ಹಿಡಿಯಬಹುದಲ್ಲ ಎನ್ನುವವರಿದ್ದಾರೆ. ಕೇಳಿಕೊಳ್ಳಬಹುದು, ಬಲವಂತ ಮಾಡುವಂತಿಲ್ಲ. ಮೇಲಿನ ಕೂಗು ಬಿದ್ದ ಕ್ಷಣವೇ ಕೆಳಗಿನ ಕೂಗು ಸತ್ತಿತು.

ಪೊಲೀಸ್ ಠಾಣೆಗೆ ಹೋಗಬೇಕೆ?

ಕೋಪ ಬಂದಾಗ ಮೊದಲು ನೆನಪಾಗುವುದು ಠಾಣೆ. ಹಣ ಕೊಡದಿರುವುದೆಲ್ಲ ವಂಚನೆಯಲ್ಲ. ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನ ವಂಚನೆಯ ಅಪರಾಧಕ್ಕೆ (ಹಿಂದಿನವರ ಬಾಯಲ್ಲಿ 'ಫೋರ್ ಟ್ವೆಂಟಿ') ಕೂಗುವಾಗಲೇ ಮೋಸದ ಉದ್ದೇಶ ಇರಬೇಕು. ಕೂಗುವಾಗ ಮನಸ್ಸಿತ್ತು, ಆಮೇಲೆ ಕೈಯಲ್ಲಿ ಕಾಸಿರಲಿಲ್ಲ ಎಂದರೆ ಅದು ಒಪ್ಪಂದದ ಉಲ್ಲಂಘನೆ ಮಾತ್ರ. 2024ರ ಆಗಸ್ಟ್ 23ರಂದು ಸುಪ್ರೀಂ ಕೋರ್ಟು ದೆಹಲಿ ರೇಸ್ ಕ್ಲಬ್ಬಿನ ಪ್ರಕರಣದಲ್ಲಿ ಈ ಗೆರೆಯನ್ನು ಮತ್ತೊಮ್ಮೆ ಎಳೆದು ತೋರಿಸಿತು. ಕುದುರೆಗಳಿಗೆ ಧಾನ್ಯ ಒದಗಿಸಿದವರು ಬಾಕಿ ಹಣ ಬಂದಿಲ್ಲವೆಂದು ಕ್ರಿಮಿನಲ್ ದೂರು ಕೊಟ್ಟಿದ್ದರು. ಮಾರಿದ ಸರಕಿನ ಬೆಲೆ ಬಾಕಿ ಇದ್ದ ಮಾತ್ರಕ್ಕೆ ಅದು ನಂಬಿಕೆದ್ರೋಹವಾಗುವುದಿಲ್ಲ ಎಂದು ಹೇಳಿ ಕೋರ್ಟು ಮೊಕದ್ದಮೆಯನ್ನು ರದ್ದುಗೊಳಿಸಿತು.

ಹಾಗೆಂದು ಠಾಣೆಯ ಬಾಗಿಲು ಮುಚ್ಚಿದೆ ಎಂದಲ್ಲ. ಹಣ ಕಳಿಸಿದಂತೆ ನಕಲಿ ಸ್ಕ್ರೀನ್‌ಶಾಟ್ ತೋರಿಸಿ ವಸ್ತು ತರಿಸಿಕೊಂಡರೆ ಅದು ಶುದ್ಧ ವಂಚನೆ. 'ಹಣ ಪಡೆಯಲು ಈ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿ, ಪಿನ್ ಒತ್ತಿ' ಎಂದು ಹೇಳಿ ಮಾರುವವರ ಖಾತೆಯನ್ನೇ ಬರಿದು ಮಾಡುವುದು ಇನ್ನೊಂದು ಬಗೆ. ಹಣ ಪಡೆಯುವವರು ಪಿನ್ ಒತ್ತುವ ಪ್ರಮೇಯವೇ ಇಲ್ಲ ಎಂಬ ಸರಳ ಸಂಗತಿ ತಿಳಿಯದೆ ವಿದ್ಯಾವಂತರೂ ಇದಕ್ಕೆ ಬಿದ್ದಿದ್ದಾರೆ. ಹೀಗಾದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯಲು ಸಾಧ್ಯವಾಗುವುದು ಆ ಮೊದಲ ಗಂಟೆಗಳಲ್ಲಿ. ಆಮೇಲೆ ನಗರದ ಸೆನ್ ಠಾಣೆಯಲ್ಲಿ ದೂರು ಬರೆದುಕೊಡಬಹುದು.

ಚೆಕ್ಕು ಕೊಟ್ಟು ಅದು ವಾಪಸಾದರೆ ಮಾತ್ರ ಮಾರಿದವರ ಕೈ ಮೇಲು. ಚೆಕ್ಕು ವಾಪಸಾದ ಮಾಹಿತಿ ಬಂದ 30 ದಿನಗಳೊಳಗೆ ನೋಟಿಸು, ಅದು ತಲುಪಿದ ಮೇಲೆ 15 ದಿನಗಳ ಅವಕಾಶ, ಆಮೇಲೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು. ಈ ಮೂರರಲ್ಲಿ ಒಂದು ದಿನ ತಪ್ಪಿದರೂ ತೊಂದರೆ. ಹರಾಜಿನ ಲೋಕದಲ್ಲಿ ಚೆಕ್ಕಿನ ಬಳಕೆ ಈಗ ಕಡಿಮೆ ಎಂಬುದು ಬೇರೆ ಮಾತು.

ಗ್ರಾಹಕ ಆಯೋಗಕ್ಕೆ ಹೋಗುವ ಯೋಚನೆಯೂ ಹಲವರಿಗೆ ಬರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇರುವುದು ಕೊಳ್ಳುವವರಿಗೆ. ಮಾರಿದವರು ಕೊಂಡವರ ಮೇಲೆ ಅಲ್ಲಿ ದೂರು ಕೊಡುವಂತಿಲ್ಲ. ಆದರೆ ಶುಲ್ಕ ಪಡೆದ ತಾಣವೇ ಬಂದ ಹಣವನ್ನು ಹಿಡಿದಿಟ್ಟುಕೊಂಡರೆ ಮಾತು ಬೇರೆ. ಮನೆಯ ಹಳೆಯ ವಸ್ತು ಮಾರಿದವರು ಆಗ ತಾಣದ ಸೇವೆಯ ಗ್ರಾಹಕರಾಗುತ್ತಾರೆ.

ಬೇರೆ ಬಾಗಿಲುಗಳು

4,500 ರೂಪಾಯಿಗೆ ಸಿವಿಲ್ ದಾವೆ ಹೂಡಿ ವರ್ಷಗಟ್ಟಲೆ ಅಲೆಯುವುದು ಯಾರಿಗೂ ಲಾಭವಲ್ಲ. ಅಂಥವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್ ಇದೆ. ದಾವೆ ಹೂಡುವ ಮೊದಲೇ ಅರ್ಜಿ ಹಾಕಬಹುದು, ನ್ಯಾಯಾಲಯ ಶುಲ್ಕವಿಲ್ಲ, ರಾಜಿಯಾದರೆ ಅದು ಡಿಕ್ರಿಗೆ ಸಮ. ಎದುರಿನವರು ಬಂದು ಒಪ್ಪಬೇಕು ಎಂಬುದೇ ಅದರ ಮಿತಿ. ಗುವಾಹಟಿಯಿಂದ ಯಾರು ಬರುತ್ತಾರೆ ಎಂದು ನಗುವ ಮೊದಲು, ಸರ್ಕಾರಿ ಮುದ್ರೆಯ ಒಂದು ಕಾಗದ ಮನೆಗೆ ಬಂದಾಗ ಎಷ್ಟೋ ಜನ ಫೋನಿನಲ್ಲೇ ಲೆಕ್ಕ ಮುಗಿಸುತ್ತಾರೆ ಎಂಬುದನ್ನೂ ನೆನೆಯಬೇಕು. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಉಚಿತವಾಗಿ ವಕೀಲರೂ ಸಿಗುತ್ತಾರೆ.

ಅಗರಬತ್ತಿ ಹೊಸೆಯುವ, ಬೀಟೆ ಮರದ ಕೆತ್ತನೆ ಮಾಡುವ ಮೈಸೂರಿನ ಸಣ್ಣ ಉದ್ಯಮಿಗಳಿಗೆ ಇನ್ನೂ ಬಲವಾದ ಅಸ್ತ್ರವಿದೆ. ವ್ಯವಹಾರಕ್ಕೆ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಕೊಂಡಿದ್ದರೆ, ಒದಗಿಸಿದ ಸರಕಿನ ಹಣ ಹೆಚ್ಚೆಂದರೆ 45 ದಿನಗಳೊಳಗೆ ಬರಬೇಕು. ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. ಇದು 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆಯ ಮಾತು. ಅರ್ಜಿ ಹಾಕಿದರೆ ರಾಜ್ಯದ ಸೌಲಭ್ಯ ಮಂಡಳಿ ವಿಚಾರಣೆ ನಡೆಸುತ್ತದೆ.

ದಾವೆ ಹೂಡಲೇಬೇಕಾದರೆ ಎಲ್ಲಿ? ಪ್ರತಿವಾದಿ ವಾಸವಾಗಿರುವ ಊರಿನಲ್ಲಿ, ಅಥವಾ ವ್ಯಾಜ್ಯದ ಕಾರಣ ಪೂರ್ತಿಯಾಗಿಯೋ ಭಾಗಶಃವಾಗಿಯೋ ಹುಟ್ಟಿದ ಊರಿನಲ್ಲಿ. ಹಣ ಮೈಸೂರಿನಲ್ಲಿ ಸಂದಾಯವಾಗಬೇಕಿತ್ತು ಎಂದು ತೋರಿಸಿದರೆ ಮೈಸೂರಿನಲ್ಲೇ ಹೂಡಲು ಆಧಾರ ಸಿಗುತ್ತದೆ. ಗೆದ್ದ ಮೇಲೆ ಡಿಕ್ರಿಯನ್ನು ಜಾರಿಗಾಗಿ ಆ ಊರಿನ ನ್ಯಾಯಾಲಯಕ್ಕೆ ವರ್ಗಾಯಿಸಬಹುದು. ಎದುರಿನವರ ನಿಜವಾದ ಹೆಸರು, ವಿಳಾಸ ಗೊತ್ತಿರದಿದ್ದರೆ ಇದೆಲ್ಲ ಗಾಳಿಗೋಪುರ. ಆದ್ದರಿಂದ ಅನುಭವಸ್ಥ ಮಾರಾಟಗಾರರು ದುಬಾರಿ ವಸ್ತುವಿಗೆ ಕೂಗುವವರ ವಿಳಾಸ, ಸಣ್ಣ ಮುಂಗಡ ಎರಡನ್ನೂ ಮೊದಲೇ ಕೇಳುತ್ತಾರೆ.

ಸಾಕ್ಷ್ಯದ ವಿಷಯದಲ್ಲಿ ಬಹುಮಂದಿ ಎಡವುತ್ತಾರೆ. ಪರದೆಯ ಚಿತ್ರವನ್ನು ಮುದ್ರಿಸಿ ತಂದರೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಪ್ರತಿಗಳ ಜೊತೆ ನಿಗದಿತ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ದಾಖಲೆ ಕೊಡುವವರು, ಇನ್ನೊಂದು ಭಾಗಕ್ಕೆ ತಜ್ಞರು ಸಹಿ ಹಾಕಬೇಕು. ಮೂಲ ಸಂದೇಶಗಳಿರುವ ಫೋನನ್ನು ಹೊಸದಕ್ಕೆ ಬದಲಾಯಿಸಿ ಹಳೆಯದನ್ನು ಮಾರಿಬಿಟ್ಟರೆ ಮೊಕದ್ದಮೆಯನ್ನೇ ಮಾರಿದಂತೆ. ನೋಟಿಸನ್ನು ವಾಟ್ಸಾಪಿನಲ್ಲಿ ಕಳಿಸಿದರೂ ಅಂಚೆಯಲ್ಲಿ ಒಂದು ಪ್ರತಿ ಹೋಗಲಿ. 2025ರಲ್ಲಿ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟ್ ಜೊತೆ ವಿಲೀನ ಮಾಡಿರುವುದರಿಂದ ಈಗ ಕೌಂಟರಿನಲ್ಲಿ ಕೇಳಬೇಕಾದದ್ದು ಸ್ಪೀಡ್ ಪೋಸ್ಟನ್ನು.

ಮಾರುವವರ ಕೈಯೂ ಶುದ್ಧವಾಗಿರಬೇಕು. ಮೈಸೂರಿನ ಹಳೆಯ ಮನೆಗಳಲ್ಲಿ ದಂತದ ಕುಸುರಿಯಿರುವ ಬೀಟೆ ಪೆಟ್ಟಿಗೆಗಳು ಇನ್ನೂ ಸಿಗುತ್ತವೆ. ಆನೆದಂತದ ವ್ಯಾಪಾರವನ್ನು ವನ್ಯಜೀವಿ ಕಾಯ್ದೆ ನಿಷೇಧಿಸಿದೆ. ಅದನ್ನು ಹರಾಜಿಗಿಟ್ಟು ಹಣ ಬರಲಿಲ್ಲವೆಂದು ಕೋರ್ಟಿಗೆ ಹೋದರೆ ವಾದಿಯೇ ಆರೋಪಿಯಾಗಬಹುದು. ನೂರು ವರ್ಷ ದಾಟಿದ ವಿಗ್ರಹ, ನಾಣ್ಯಗಳಿಗೂ 1972ರ ಪುರಾತನ ವಸ್ತುಗಳ ಕಾಯ್ದೆಯ ಕಟ್ಟುಪಾಡುಗಳಿವೆ, ಖಾಸಗಿಯವರು ಅವನ್ನು ವಿದೇಶಕ್ಕೆ ಕಳಿಸುವಂತಿಲ್ಲ.

ಕೂಗಿದವನು ಹದಿನೇಳರ ಹುಡುಗನಾದರೆ

ತಂದೆತಾಯಿಗಳು ಗಮನಿಸಬೇಕಾದ ಭಾಗ ಇದು. ಹದಿನೆಂಟು ತುಂಬದವರು ಮಾಡಿಕೊಂಡ ಒಪ್ಪಂದ ಅವರ ವಿರುದ್ಧ ಊರ್ಜಿತವಲ್ಲ. 1903ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಮಾನಿಸಿದ 'ಮೊಹೋರಿ ಬೀಬಿ' ಪ್ರಕರಣದಿಂದ ಇದು ಗಟ್ಟಿಯಾದ ಕಾನೂನು. ಅದರಲ್ಲಿ ಕಲ್ಕತ್ತೆಯ ಅಪ್ರಾಪ್ತ ವಯಸ್ಸಿನ ಯುವಕನೊಬ್ಬ ಮನೆ ಅಡವಿಟ್ಟು ಸಾಲ ಪಡೆದಿದ್ದ. ಅಡಮಾನವೇ ಅಸಿಂಧುವೆಂದಾಯಿತು, ಸಾಲ ಕೊಟ್ಟವರು ಕೈ ಸುಟ್ಟುಕೊಂಡರು. ಹಾಗಾಗಿ ಹರಾಜು ಗೆದ್ದಾತ ಪಿ.ಯು.ಸಿ. ಹುಡುಗ ಎಂದು ಗೊತ್ತಾದರೆ ಮಾರಿದವರು ಅವನ ಮೇಲೆ ದಾವೆಯ ಆಸೆ ಬಿಟ್ಟು ವಸ್ತುವನ್ನು ಬೇರೆಯವರಿಗೆ ಮಾರುವುದೇ ಲೇಸು.

ಮಗ ಕೂಗಿದ್ದಕ್ಕೆ ಅಪ್ಪ ಹೊಣೆಯೆ? ಮಗ ಎಂಬ ಒಂದೇ ಕಾರಣಕ್ಕೆ ಅಲ್ಲ. ಆದರೆ ಖಾತೆ ಅಪ್ಪನ ಹೆಸರಿನಲ್ಲಿದ್ದು, ಪಾಸ್‌ವರ್ಡನ್ನು ಅಪ್ಪನೇ ಕೊಟ್ಟು, ಹಿಂದೆ ಇಂಥ ಖರೀದಿಗಳಿಗೆ ಹಣವನ್ನೂ ಕಟ್ಟಿದ್ದರೆ, ಮಗ ಅಪ್ಪನ ಪರವಾಗಿಯೇ ಕೂಗಿದ ಎಂದು ಎದುರಿನವರು ವಾದಿಸಬಹುದು. ಖಾತೆಯಿಂದ ನಡೆದ ಎಲ್ಲ ವ್ಯವಹಾರಕ್ಕೂ ಖಾತೆದಾರರೇ ಹೊಣೆ ಎಂಬ ಷರತ್ತು ಹಲವು ತಾಣಗಳಲ್ಲಿ ಇದ್ದೇ ಇರುತ್ತದೆ. ಆಟದ ಹುಮ್ಮಸ್ಸಿನಲ್ಲಿ ಒತ್ತಿದ ಗುಂಡಿಯ ನೋಟಿಸು ಅಪ್ಪನ ಹೆಸರಿಗೆ ಬರುತ್ತದೆ.

ಹಣವಿಲ್ಲದೆ ಕೂಗುವುದು ಹುಡುಗಾಟ ಮಾತ್ರವಲ್ಲ, ಕೆಲವೊಮ್ಮೆ ಪ್ರತಿಭಟನೆಯೂ ಹೌದು. 2009ರ ಫೆಬ್ರವರಿಯಲ್ಲಿ ಪ್ಯಾರಿಸಿನ ಕ್ರಿಸ್ಟೀಸ್ ಹರಾಜಿನಲ್ಲಿ ಇಲಿ ಮತ್ತು ಮೊಲದ ಎರಡು ಕಂಚಿನ ತಲೆಗಳು ಸುಮಾರು 3 ಕೋಟಿ 15 ಲಕ್ಷ ಯೂರೊಗೆ ಹೋದವು. 1860ರಲ್ಲಿ ಬೀಜಿಂಗಿನ ಬೇಸಿಗೆ ಅರಮನೆಯಿಂದ ಲೂಟಿಯಾದ ವಸ್ತುಗಳವು. ಕೂಗಿದ ಚೀನಾದ ಕೈ ಮಿಂಗ್‌ಚಾವೊ ಕೆಲವೇ ದಿನಗಳಲ್ಲಿ ತಾನು ಹಣ ಕೊಡುವುದಿಲ್ಲವೆಂದು ಪತ್ರಕರ್ತರ ಮುಂದೆ ಸಾರಿದ. ಮಾರಾಟಗಾರ ಪಿಯರ್ ಬೆರ್ಜೆ ತಲೆಗಳನ್ನು ತಾವೇ ಇಟ್ಟುಕೊಳ್ಳುವುದಾಗಿ ಹೇಳಿದರು. ಕೊನೆಗೆ 2013ರಲ್ಲಿ ಫ್ರಾನ್ಸಿನ ಪಿನೊ ಕುಟುಂಬ ಅವನ್ನು ಚೀನಾಕ್ಕೆ ಉಡುಗೊರೆಯಾಗಿ ಮರಳಿಸಿತು.

ಕ್ಯಾಮೆರಾದ ವಿದ್ಯಾರ್ಥಿನಿಗೆ ಅಂಥ ಕಥೆಯ ಅಗತ್ಯವಿಲ್ಲ. ಅವಳಿಗೆ ಬೇಕಾದದ್ದು ದಿನಾಂಕದ ಲೆಕ್ಕ. ಒಪ್ಪಂದ ಮುರಿದ ದಿನದಿಂದ ದಾವೆ ಹೂಡಲು ಮೂರು ವರ್ಷ ಕಾಲಾವಕಾಶ. ಆ ಮೂರನೆಯ ವರ್ಷದ ಕೊನೆಯ ದಿನ ನ್ಯಾಯಾಲಯಕ್ಕೆ ರಜೆ ಇದ್ದರೆ, ಮತ್ತೆ ಬಾಗಿಲು ತೆರೆದ ದಿನ ಅರ್ಜಿ ಕೊಟ್ಟರೂ ಅದು ಸಕಾಲದ್ದೇ.